ಹಳೇ ಕ್ವೆರಿಯ ಉತ್ತರ ಯಾವಾಗ ಕೆಲಸಕ್ಕೆ ಬರುತ್ತದೆ, ಯಾವಾಗ ಕೈಕೊಡುತ್ತದೆ

ಅಗ್ರವಾಲ್ ಮತ್ತು ಶ್ರೀಕಾಂತ್ ಅವರ ಏಪ್ರಿಯೋರಿ (1994) ಅಂದರೆ ಪದೇಪದೇ ಜೊತೆಗೆ ಬರುವ ವಸ್ತುಗಳ ಗುಂಪುಗಳನ್ನು (ಐಟಂಸೆಟ್) ಡೇಟಾದಲ್ಲಿ ಹುಡುಕುವ ವಿಧಾನ. ಅದರಲ್ಲಿ ಹೊತ್ತು ಹೋಗುವುದೆಲ್ಲ ಡೇಟಾಬೇಸನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದರಲ್ಲಿ. ಆದರೆ ಮಿನಿಮಮ್ ಸಪೋರ್ಟ್ (ಪಟ್ಟಿಗೆ ಸೇರಲು ಒಂದು ಗುಂಪು ಕನಿಷ್ಠ ಶೇಕಡಾ ಎಷ್ಟು ಬಿಲ್‌ಗಳಲ್ಲಿ ಬರಬೇಕು ಅನ್ನುವುದು) ಎಷ್ಟಿರಬೇಕು ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. 5% ಹಾಕಿ ನೋಡುತ್ತೇವೆ, ಪಟ್ಟಿ ಜಾಸ್ತಿ ಉದ್ದ ಬಂತು ಅಂತ 8% ಹಾಕುತ್ತೇವೆ. ಹೀಗೆ ಪ್ರತಿ ಹೊಸ ಕ್ವೆರಿಗೂ (ಪ್ರಶ್ನೆಗೂ) ಮೊದಲಿನಿಂದ ಎಣಿಸಬೇಕಾ, ಹಳೇ ಉತ್ತರ ಸಾಕಾ?

ಸಪೋರ್ಟ್ ಏರಿಸಿದರೆ ಬೇಡವೇ ಬೇಡ, ಹಳೇ ಪಟ್ಟಿಯನ್ನು ಸೋಸಿದರೆ ಮುಗಿಯಿತು. ‘ಕಾಫಿಪುಡಿ ಇರುವ ಐಟಂಸೆಟ್ ಮಾತ್ರ ಕೊಡು’ ಅಂದರೂ ಅಷ್ಟೇ.

ತಲೆ ಕೆಡಿಸುವುದು ಡೇಟಾವನ್ನೇ ಕಿರಿದು ಮಾಡಿದಾಗ. ಒಂದು ದಿನಸಿ ಅಂಗಡಿಯ 1000 ಬಿಲ್ ಇವೆ, 5% ಅಂದರೆ 50 ಬಿಲ್. ಮೊಟ್ಟೆ ಮತ್ತು ಗರಂ ಮಸಾಲೆ ಜೊತೆಗೆ ಬಂದದ್ದು 30 ಬಿಲ್‌ಗಳಲ್ಲಿ, ಹಾಗಾಗಿ ಆ ಜೋಡಿ ಪಟ್ಟಿಯಲ್ಲಿಲ್ಲ. ಈಗ ‘ಭಾನುವಾರದ ಬಿಲ್ ಮಾತ್ರ, 10%’ ಅಂತ ಕೇಳಿ. ಭಾನುವಾರದ ಬಿಲ್ 200, ಆ 30 ಬಿಲ್ಲೂ ಭಾನುವಾರದವೇ ಆಗಿದ್ದರೆ ಸಪೋರ್ಟ್ 15%! ಶೇಕಡಾ ಏರಿಸಿದ್ದೇವಲ್ಲ, ಸೋಸಿದರೆ ಸಾಕು ಅಂತ ಹೊರಟರೆ ಈ ಜೋಡಿ ಸಿಗುವುದೇ ಇಲ್ಲ, ಯಾಕೆಂದರೆ ಶೇಕಡಾದ ಕೆಳಗಿರುವ ಒಟ್ಟು ಸಂಖ್ಯೆಯೇ ಬದಲಾಗಿದೆ.

ಶೇಕಡಾ ಮರೆತು ಬಿಲ್ ಲೆಕ್ಕದಲ್ಲಿ ನೋಡಿ, ಗೊಂದಲ ಹೋಗುತ್ತದೆ. ಭಾನುವಾರ 30% ಅಂದರೆ 60 ಬಿಲ್. ಭಾನುವಾರವೊಂದರಲ್ಲೇ 60 ಸಲ ಬಂದದ್ದು ಇಡೀ ಡೇಟಾದಲ್ಲಿ 60ಕ್ಕಿಂತ ಕಡಿಮೆ ಬಂದಿರಲು ಸಾಧ್ಯವಿಲ್ಲ, ಅಲ್ವಾ? ಅಂದಮೇಲೆ ಅದು 50 ದಾಟಿದೆ, ಹಳೇ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆ ಪಟ್ಟಿಯನ್ನೇ ಹಿಡಿದು 200 ಬಿಲ್‌ಗಳನ್ನು ಒಂದು ಸಲ ಸ್ಕ್ಯಾನ್ ಮಾಡಿ, ಭಾನುವಾರದ ಎಣಿಕೆ ಸಿಗುತ್ತದೆ. ಈ ಸ್ಕ್ಯಾನ್ ಮಾತ್ರ ಮಾಡಲೇಬೇಕು, ಯಾಕೆಂದರೆ ಹಳೇ ಎಣಿಕೆ ಎಲ್ಲ ದಿನಗಳದ್ದು. 10% ಅಂದರೆ ಬರೀ 20 ಬಿಲ್, 50ಕ್ಕಿಂತ ಕಡಿಮೆ, ಆದ್ದರಿಂದ ಹಳೇ ಪಟ್ಟಿ ಸಾಲದು. ಇಲ್ಲಿ ಗಡಿ 25%, ಅಂದರೆ 200ರಲ್ಲಿ 50 ಬಿಲ್.

ಸಪೋರ್ಟ್ ಇಳಿಸುವವರಿಗೆ ನನಗಿಷ್ಟವಾದ ಉಪಾಯ: ಮಿನಿಮಮ್ ಸಪೋರ್ಟ್ ಮುಟ್ಟದೆ ಫೇಲಾದ ಸೆಟ್‌ಗಳ ಎಣಿಕೆಯನ್ನೂ ಉಳಿಸಿಕೊಳ್ಳಿ. ಏಪ್ರಿಯೋರಿ ಅವನ್ನು ಹೇಗೂ ಎಣಿಸಿರುತ್ತದೆ, ಆಮೇಲೆ ನಾವು ಸುಮ್ನೆ ಎಸೆಯುತ್ತೇವೆ. ಮೊಟ್ಟೆ, ಗರಂ ಮಸಾಲೆ ಬೇರೆಬೇರೆಯಾಗಿ 50 ದಾಟಿದ್ದರೆ ಜೋಡಿಯ 30 ಆಗಲೇ ಲೆಕ್ಕದಲ್ಲಿದೆ, ಯಾಕೆಂದರೆ ಬಿಡಿಯಾಗಿ ಪಾಸಾದವನ್ನು ಜೋಡಿಸಿ ಎಣಿಸುವುದೇ ಏಪ್ರಿಯೋರಿಯ ಕ್ರಮ. 3%ಗೆ ಇಳಿಸಿದರೆ ಅದು ನೇರ ಪಾಸು. ಹೀಗೆ ಹೊಸದಾಗಿ ಪಾಸಾದವುಗಳಿಂದ ಬೆಳೆಯುವ ಸೆಟ್‌ಗಳನ್ನಷ್ಟೇ ಎಣಿಸಬೇಕು. ಈ ಫೇಲಾದ ಅಂಚಿಗೆ ಪುಸ್ತಕದಲ್ಲಿ ನೆಗೆಟಿವ್ ಬಾರ್ಡರ್ ಅಂತಾರೆ.

ದಿನವೂ ಹೊಸ ಬಿಲ್ ಸೇರುತ್ತಿದ್ದರೆ 1996ರ ಎಫ್‌ಯುಪಿ (ಫಾಸ್ಟ್ ಅಪ್‌ಡೇಟ್) ಅನ್ನುವ ವಿಧಾನದ ಬಗ್ಗೆ ಓದಿ. ಅದೂ ಹಳೇ ಎಣಿಕೆಯ ಮೇಲೇ ನಿಂತಿದೆ.