ದೇವರ ಹೆಸರನ್ನು ವ್ಯರ್ಥವಾಗಿ ಎತ್ತುವುದು: ಮನೆಮಂದಿ ನೋಡುವ ಸಿನಿಮಾದ ಬಗ್ಗೆ ಕ್ರೈಸ್ತರ ತಕರಾರು ಯಾವುದು?

ಮಕ್ಕಳ ಸಿನಿಮಾ, ಕಾರ್ಟೂನ್, ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯ ಧಾರಾವಾಹಿಗಳ ಮಾತು ಬಂದಾಗ ಕ್ರೈಸ್ತ ಮನೆಗಳಲ್ಲಿ ಒಂದು ದೂರು ಕೇಳಿಬರುತ್ತದೆ: ‘ಇದರಲ್ಲಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತುತ್ತಾರೆ.’ ಹೊರಗಿನವರು ಇದನ್ನು ಬೈಗುಳದ ಬಗ್ಗೆ ಮಾಡುವ ದೂರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಆ ಸಿನಿಮಾದಲ್ಲಿ ಒಂದೇ ಒಂದು ಬೈಗುಳವೂ ಇರುವುದಿಲ್ಲ. ಹಾಗಾದರೆ ತಕರಾರು ಯಾತಕ್ಕೆ?

ಮೂಲ ಇರುವುದು ಬೈಬಲಿನ ಹತ್ತು ಆಜ್ಞೆಗಳಲ್ಲಿ. ವಿಮೋಚನಕಾಂಡ 20ನೇ ಅಧ್ಯಾಯದ 7ನೇ ವಚನ, ನಿನ್ನ ದೇವರಾದ ಯೆಹೋವನ ಹೆಸರನ್ನು ಅಯೋಗ್ಯವಾಗಿ ಎತ್ತಬಾರದು ಎನ್ನುತ್ತದೆ. ಹಾಗೆ ಎತ್ತಿದವನನ್ನು ದೇವರು ಸುಮ್ಮನೆ ಬಿಡುವುದಿಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಧರ್ಮೋಪದೇಶಕಾಂಡ 5:11ರಲ್ಲಿ ಇದೇ ಮಾತು ಮತ್ತೆ ಬರುತ್ತದೆ. ಹೆಚ್ಚಿನ ಪ್ರಾಟೆಸ್ಟೆಂಟರ ಲೆಕ್ಕದಲ್ಲಿ ಇದು ಮೂರನೇ ಆಜ್ಞೆ, ಕ್ಯಾಥೊಲಿಕರು ಮತ್ತು ಲೂಥರನ್ನರ ಲೆಕ್ಕದಲ್ಲಿ ಎರಡನೆಯದು.

ಇಲ್ಲಿ ಮೂರು ವಿಷಯಗಳು ಕಲಸಿಹೋಗುತ್ತವೆ. ದೇವರನ್ನೇ ಹೀಯಾಳಿಸಿ ಆಡುವುದು ದೇವದೂಷಣೆ. ಮೈ, ಮಲಮೂತ್ರ, ಕಾಮದ ಸುತ್ತ ಆಡುವ ಕೊಳಕು ಮಾತು ಅಶ್ಲೀಲ. ಅದನ್ನು ಬೈಬಲ್ ಬೇರೆ ಕಡೆ ಬೇಡವೆನ್ನುತ್ತದೆ, ಎಫೆಸದವರಿಗೆ ಬರೆದ ಪತ್ರದ 4 ಮತ್ತು 5ನೇ ಅಧ್ಯಾಯ ನೋಡಿ. ನಾವು ಮಾತಾಡುತ್ತಿರುವುದು ಮೂರನೆಯದರ ಬಗ್ಗೆ. ಇದರಲ್ಲಿ ಕೋಪವೂ ಇಲ್ಲ, ಕೊಳಕೂ ಇಲ್ಲ. ದೇವರ ಹೆಸರು ಬಾಯಿಗೆ ಬಂದಿದೆ, ಆದರೆ ದೇವರನ್ನು ಯಾರೂ ಕರೆದಿಲ್ಲ. ಅಷ್ಟೇ.

ಒಂದು ದೃಶ್ಯ ನೆನೆಸಿಕೊಳ್ಳಿ. ಮಕ್ಕಳ ಅನಿಮೇಷನ್ ಚಿತ್ರ. ಒಂದು ಅಳಿಲು ಹುಟ್ಟುಹಬ್ಬದ ಡಬ್ಬ ಬಿಚ್ಚುತ್ತದೆ, ಒಳಗೆ ಬೇಕಾದ್ದೇ ಇದೆ. ‘ಓ ಮೈ ಗಾಡ್!’ ಎಂದು ಕಿರುಚುತ್ತದೆ. ಮುಂದಿನ ದೃಶ್ಯದಲ್ಲಿ ಯಾರೋ ಅದರ ಬಾಲ ತುಳಿಯುತ್ತಾರೆ, ಅದು ‘ಜೀಸಸ್!’ ಅನ್ನುತ್ತದೆ. ಮಗು ನಗುತ್ತದೆ. ಅದೇ ಮಗು ರಾತ್ರಿ ಮಲಗುವ ಮುನ್ನ ಅದೇ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತದೆ. ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಎನ್ನುವುದು ಯೇಸುವೇ ಕಲಿಸಿದ ಪ್ರಾರ್ಥನೆಯ ಮೊದಲ ಬೇಡಿಕೆ. ಬಾಲಕ್ಕೆ ಪೆಟ್ಟಾದಾಗ ಬರುವ ಶಬ್ದ ಮತ್ತು ಪ್ರಾರ್ಥನೆಯಲ್ಲಿ ಬರುವ ಹೆಸರು ಒಂದೇ ಆಗಿಬಿಟ್ಟರೆ, ಮಗುವಿನ ಮನಸ್ಸಿನಲ್ಲಿ ಸವೆಯುವುದು ಯಾವುದು? ತಂದೆತಾಯಿಗೆ ಇರುವ ಸಂಕಟ ಇದೇ. ಇದನ್ನು ಅತಿ ಮಡಿವಂತಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ ಅಂತ ನನಗನ್ನಿಸುತ್ತದೆ. ನಮ್ಮ ತಾಯಿಯ ಹೆಸರನ್ನು ಯಾರಾದರೂ ಕಾಲು ಎಡವಿದಾಗಲೆಲ್ಲ ಕೂಗುತ್ತಿದ್ದರೆ, ಅದರಲ್ಲಿ ಬೈಗುಳ ಏನೂ ಇಲ್ಲವಲ್ಲ ಎಂದು ನಾವು ಸುಮ್ಮನಿರುತ್ತೇವಾ?

ಹಾಗಾದರೆ ಕಷ್ಟ ಬಂದಾಗ ‘ದೇವರೇ!’ ಎಂದು ಕೂಗುವುದೂ ತಪ್ಪಾ? ಖಂಡಿತ ಇಲ್ಲ. ಕೀರ್ತನೆಗಳ ಪುಸ್ತಕ ಇಂಥ ಕೂಗಿನಿಂದಲೇ ತುಂಬಿದೆ. 22ನೇ ಕೀರ್ತನೆ ‘ನನ್ನ ದೇವರೇ, ನನ್ನ ದೇವರೇ’ ಎಂದೇ ಶುರುವಾಗುತ್ತದೆ. ಯೇಸು ಶಿಲುಬೆಯ ಮೇಲೆ ಅದನ್ನೇ ಕೂಗಿದ. ಆ ಕೂಗಿನ ಆಚೆ ಕೇಳುವವನೊಬ್ಬನಿದ್ದಾನೆ ಎಂಬ ನಂಬಿಕೆ ಇದೆ. ಹಾಗಾಗಿ ಸಿನಿಮಾದಲ್ಲಿ ತಾಯಿಯೊಬ್ಬಳು ಆಸ್ಪತ್ರೆಯ ಬಾಗಿಲಲ್ಲಿ ‘ಓ ದೇವರೇ, ಕಾಪಾಡು’ ಎಂದರೆ ಯಾವ ಕ್ರೈಸ್ತನೂ ತಕರಾರು ತೆಗೆಯಬೇಕಿಲ್ಲ.

‘ನಾನೇನು ಹೇಳಲಿಲ್ಲ, ನೋಡಿದೆ ಅಷ್ಟೇ’ ಎನ್ನುವವರೂ ಇದ್ದಾರೆ. ಇದಕ್ಕೆ ಹಳೆಯ ಉತ್ತರವೊಂದಿದೆ. ಪ್ರಾಟೆಸ್ಟೆಂಟರ ಒಂದು ಶಾಖೆಯಾದ ರಿಫಾರ್ಮ್ಡ್ ಸಭೆಗಳು ಇಂದಿಗೂ ಕಲಿಸುವ ಹೈಡೆಲ್‌ಬರ್ಗ್ ಪ್ರಶ್ನೋತ್ತರ (ನಂಬಿಕೆಯನ್ನು ಪ್ರಶ್ನೆ-ಉತ್ತರದಲ್ಲಿ ಕಲಿಸುವ ಪುಸ್ತಕ) 1563ರದು. ಅದರ 99ನೇ ಪ್ರಶ್ನೆ ಈ ಆಜ್ಞೆಯ ಬಗ್ಗೆಯೇ. ಹೆಸರನ್ನು ದುರ್ಬಳಕೆ ಮಾಡಬಾರದು ಎನ್ನುವಲ್ಲಿಗೆ ಉತ್ತರ ನಿಲ್ಲುವುದಿಲ್ಲ. ಬೇರೆಯವರು ಮಾಡುವಾಗ ಬಾಯಿ ಮುಚ್ಚಿ ನಿಂತು ಅದರಲ್ಲಿ ಪಾಲುಗಾರರಾಗಬಾರದು ಎಂದೂ ಸೇರಿಸುತ್ತದೆ. ಟಿ.ವಿ. ಮುಂದೆ ಕೂತು ನಗುವವರಿಗೂ ಇದು ಅನ್ವಯಿಸುತ್ತದೆ ಎಂದು ಹಲವರು ಓದುತ್ತಾರೆ. ಕ್ಯಾಥೊಲಿಕ್ ಸಭೆಯ 1992ರ ಧರ್ಮೋಪದೇಶ ಗ್ರಂಥವೂ, ದೂಷಿಸುವ ಉದ್ದೇಶ ಇಲ್ಲದೆ ದೇವರ ಹೆಸರು ಬೆರೆಸಿ ಆಡುವ ಆಣೆಮಾತು ಕೂಡ ಅಗೌರವವೇ ಎನ್ನುತ್ತದೆ.

ಮನರಂಜನೆಯ ಜೊತೆ ಈ ಜಗಳ ಸಿನಿಮಾಕ್ಕಿಂತ ತುಂಬಾ ಹಳೆಯದು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ನಾಟಕದವರಿಗಾಗಿಯೇ ಒಂದು ಕಾನೂನು ತಂದಿತು. ರಂಗದ ಮೇಲೆ ದೇವರ, ಕ್ರಿಸ್ತನ, ಪವಿತ್ರಾತ್ಮನ ಅಥವಾ ತ್ರಿತ್ವದ ಹೆಸರನ್ನು ತಮಾಷೆಗೆ ಎತ್ತಿದರೆ ಒಂದೊಂದು ಸಲಕ್ಕೂ 10 ಪೌಂಡ್ ದಂಡ. ಅರ್ಧ ರಾಜನಿಗೆ, ಅರ್ಧ ದೂರು ಕೊಟ್ಟವನಿಗೆ! ಇದರ ಗುರುತು ಶೇಕ್ಸ್‌ಪಿಯರನ ‘ಒಥೆಲೊ’ದಲ್ಲಿ ಕಾಣುತ್ತದೆ. 1622ರ ಮುದ್ರಣದಲ್ಲಿ ಖಳನಾಯಕ ಇಯಾಗೊ ಒಂದು ಸಾಲನ್ನು ‘ಜೌಂಡ್ಸ್’ ಎಂದು ಕೂಗಿ ಶುರುಮಾಡುತ್ತಾನೆ. ಮರುವರ್ಷ, ಅವನ ನಾಟಕಗಳ 1623ರ ದೊಡ್ಡ ಸಂಪುಟದಲ್ಲಿ ಅದೇ ಸಾಲು ಇದೆ, ‘ಜೌಂಡ್ಸ್’ ಮಾತ್ರ ಮಾಯ. ಅದು ‘ದೇವರ ಗಾಯಗಳ ಆಣೆ’ ಎಂಬುದರ ತುಂಡು ರೂಪ. ಶಿಲುಬೆಯ ಮೇಲಿನ ಗಾಯಗಳು ಅಂತ ಗೊತ್ತಾದ ಮೇಲೆ ಆ ಪದ ಹಗುರವಾಗಿ ಕೇಳಿಸುವುದಿಲ್ಲ, ಅಲ್ವಾ?

ಹಾಲಿವುಡ್ 1927ರಲ್ಲಿ ತಾನೇ ಮಾಡಿಕೊಂಡ ‘ಮಾಡಬಾರದು’ ಪಟ್ಟಿಯ ಮೊದಲ ಕಲಮೂ ಇದರದ್ದೇ. ಗಾಡ್, ಲಾರ್ಡ್, ಜೀಸಸ್, ಕ್ರೈಸ್ಟ್ ಎಂಬ ಪದಗಳನ್ನು ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಭಕ್ತಿಯಿಂದ ಬಳಸಿದರೆ ಸರಿ, ಇಲ್ಲದಿದ್ದರೆ ಕೂಡದು. ‘ಗಾಡ್’ ಪದವನ್ನು ಎಳೆದು ಉಚ್ಚರಿಸಿದಂತೆ ಬೇರೆ ಕಾಗುಣಿತದಲ್ಲಿ ಬರೆದು ಜಾರಿಕೊಳ್ಳುವ ದಾರಿಯನ್ನೂ ಆ ಕಲಮು ಮುಚ್ಚಿತ್ತು. ಹಾಲಿವುಡ್‌ನ 1930ರ ನೀತಿಸಂಹಿತೆಯನ್ನು ಬರೆಯುವುದರಲ್ಲಿ ಡೇನಿಯಲ್ ಲಾರ್ಡ್ ಎಂಬ ಜೆಸ್ಯೂಟ್ ಪಾದ್ರಿಯ ಕೈ ಇತ್ತು. 1934ರಿಂದ ಅದು ಬಿಗಿಯಾಗಿ ಜಾರಿಗೆ ಬಂತು.

1968ರಲ್ಲಿ ಆ ವ್ಯವಸ್ಥೆ ಹೋಗಿ ಅಮೆರಿಕದಲ್ಲಿ ರೇಟಿಂಗ್, ಅಂದರೆ ಯಾವ ವಯಸ್ಸಿನವರಿಗೆ ಸಿನಿಮಾ ತಕ್ಕದ್ದು ಎಂದು ಹೇಳುವ ಚೀಟಿ, ಬಂತು. ಇಂದಿನ ಗೊಂದಲದ ಬೇರು ಇಲ್ಲಿದೆ. ಕಾಮಕ್ಕೆ ಸಂಬಂಧಿಸಿದ ತೀರಾ ಕೆಟ್ಟ ಪದ ಒಂದು ಸಲ ಬಂದರೆ ಸಾಮಾನ್ಯವಾಗಿ ಸಿನಿಮಾಕ್ಕೆ ಕನಿಷ್ಠ ಪಿಜಿ-13 (13ಕ್ಕಿಂತ ಚಿಕ್ಕವರ ತಂದೆತಾಯಿಗೆ ಎಚ್ಚರಿಕೆ) ಬೀಳುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಆರ್ (17ಕ್ಕಿಂತ ಚಿಕ್ಕವರ ಜೊತೆ ದೊಡ್ಡವರು ಇರಲೇಬೇಕು). ದೇವರ ಹೆಸರಿಗೆ ಇಂಥ ಲೆಕ್ಕವೇ ಇಲ್ಲ. ‘ಓ ಮೈ ಗಾಡ್’ ಎಷ್ಟು ಸಲ ಬಂದರೂ ಅದೊಂದೇ ಕಾರಣಕ್ಕೆ ರೇಟಿಂಗ್ ಏರಬೇಕೆಂಬ ನಿಯಮವಿಲ್ಲ. ಅಂದರೆ ಕ್ರೈಸ್ತ ಮನೆಯೊಂದಕ್ಕೆ ಯಾವುದು ಹೆಚ್ಚು ನೋಯುತ್ತದೋ ಅದನ್ನು ರೇಟಿಂಗ್ ಹೇಳುವುದೇ ಇಲ್ಲ. ‘ಎಲ್ಲರೂ ನೋಡಬಹುದು’ ಎಂಬ ಚೀಟಿ ನಂಬಿ ಕೂತ ಮೇಲೆ ಮನಸ್ಸು ಮುರಿಯುತ್ತದೆ.

ಈ ಖಾಲಿ ಜಾಗವನ್ನು ತುಂಬಲು ಕ್ರೈಸ್ತ ವಿಮರ್ಶೆಗಳು ಹುಟ್ಟಿಕೊಂಡವು. ಅಮೆರಿಕದ ಕ್ರೈಸ್ತ ಸಂಸ್ಥೆ ಫೋಕಸ್ ಆನ್ ದಿ ಫ್ಯಾಮಿಲಿಯ ವಿಮರ್ಶೆಯ ತಾಣ ‘ಪ್ಲಗ್ಡ್ ಇನ್’ ಪ್ರತಿ ಸಿನಿಮಾದ ಭಾಷೆಗೇ ಒಂದು ಭಾಗ ಮೀಸಲಿಡುತ್ತದೆ. ದೇವರ ಹೆಸರು, ಯೇಸುವಿನ ಹೆಸರು ಎಷ್ಟು ಸಲ ದುರ್ಬಳಕೆಯಾಯಿತು ಎಂದು ಅಲ್ಲಿ ಬರೆಯುತ್ತಾರೆ. ಎಣಿಸುವುದನ್ನು ನೋಡಿ ನಗುವವರಿದ್ದಾರೆ. ನನಗೆ ಅದು ಉಪಕಾರವಾಗಿಯೇ ಕಾಣುತ್ತದೆ, ಮೊದಲೇ ಗೊತ್ತಿದ್ದರೆ ಮನೆಯವರು ತಾವೇ ತೀರ್ಮಾನಿಸಬಹುದು. ಇನ್ನು ಕೆಲವರು ಆ ಮಾತು ಬಂದಾಗ ತಾನಾಗಿ ಸದ್ದಡಗಿಸುವ ಸಾಫ್ಟ್‌ವೇರ್ ಬಳಸುತ್ತಾರೆ. ಮನೆಯಲ್ಲಿ ಹೀಗೆ ನೋಡಲು ಅಮೆರಿಕದ 2005ರ ಫ್ಯಾಮಿಲಿ ಮೂವಿ ಆ್ಯಕ್ಟ್ ಅವಕಾಶ ಕೊಟ್ಟಿದೆ. ಒಂದು ಷರತ್ತು: ಬದಲಾಯಿಸಿದ ಸಿನಿಮಾದ ಪ್ರತಿಯನ್ನು ಮಾಡಿ ಇಟ್ಟುಕೊಳ್ಳುವಂತಿಲ್ಲ.

ಕ್ರೈಸ್ತರೆಲ್ಲ ಇದರಲ್ಲಿ ಒಂದೇ ಮಾತಿನವರಲ್ಲ. ‘ಗಾಶ್’, ‘ಜೀಜ್’ ಥರದ ಪದಗಳೂ ‘ಗಾಡ್’, ‘ಜೀಸಸ್’ ಎಂಬ ಹೆಸರುಗಳ ಮುಖವಾಡಗಳೇ, ಅವೂ ಬೇಡ ಎನ್ನುವವರಿದ್ದಾರೆ. ‘ಗಾಶ್’ ಹಿಡಿದು ಮಕ್ಕಳ ಜೊತೆ ಜಗಳಕ್ಕೆ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಆ ಪದದಲ್ಲಿ ಇಂದು ಹೆಚ್ಚಿನವರಿಗೆ ದೇವರ ಹೆಸರು ಕೇಳಿಸುವುದಿಲ್ಲ. ‘ಜೀಸಸ್’ನ ಕಥೆ ಹಾಗಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ. ಆಜ್ಞೆಯ ಮೊದಲ ಗುರಿ ದೇವರ ಹೆಸರಲ್ಲಿ ಸುಳ್ಳು ಆಣೆ ಇಡುವವರು, ದೇವರ ಜನ ಎಂಬ ಹೆಸರು ಹೊತ್ತು ಅನ್ಯಾಯ ಮಾಡುವವರು ಎಂದು ಹಲವು ಬೈಬಲ್ ವಿದ್ವಾಂಸರು ಹೇಳುತ್ತಾರೆ. ಅಳಿಲಿನ ಬಾಯಿಂದ ಬಂದ ಒಂದು ಪದ ಹಿಡಿದು ಕೂಗಾಡಿ, ಅದೇ ಸಿನಿಮಾದ ದುರಾಸೆ, ಕ್ರೌರ್ಯ, ಬಡವರ ಗೇಲಿಯನ್ನು ನೋಡಿ ಸುಮ್ನಿದ್ದರೆ, ಸೊಳ್ಳೆ ಸೋಸಿ ಒಂಟೆ ನುಂಗಿದಂತೆ. ಆ ಮಾತು ಯೇಸುವಿನದೇ, ಮತ್ತಾಯ 23:24. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದಕ್ಕೆ ಹಿಂದಿನ ವಚನದಲ್ಲೇ ಆತ, ದೊಡ್ಡದನ್ನು ಮಾಡಬೇಕಿತ್ತು, ಚಿಕ್ಕದನ್ನೂ ಬಿಡಬಾರದಿತ್ತು ಎಂದಿದ್ದಾನೆ.