ಗೋಡೆಚಿತ್ರದ ಮುಂದೆ ನಡೆದುಹೋದವರು ಫೋಟೊದಲ್ಲಿ ಅಂಟಿಸಿದಂತೆ ಯಾಕೆ ಕಾಣುತ್ತಾರೆ?

ಓದುಗರ ಪ್ರಶ್ನೆ: ನಮ್ಮ ಕಾರವಾರ, ಶಿರಸಿ ಕಡೆ ಶಾಲೆ, ಕಚೇರಿಗಳ ಪಾಗಾರದ ಮೇಲೆ ಈಗ ಚೆಂದಚೆಂದದ ಚಿತ್ರ ಬರೆಸಿದ್ದಾರೆ. ಅದರ ಮುಂದೆ ಜನ ಹಾದುಹೋಗುವಾಗ ಫೋಟೊ ತೆಗೆಯುತ್ತೇನೆ. ಎದುರಿಗೆ ನಿಂತಾಗ ಸೊಗಸಾಗಿ ಕಂಡದ್ದು ಮನೆಗೆ ಬಂದು ನೋಡಿದರೆ ಸಪ್ಪೆ. ಗೋಡೆ ಒಂದು ಕಡೆ, ಮನುಷ್ಯ ಒಂದು ಕಡೆ. ಏನು ಮಾಡಬೇಕು?

ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಿನ ಸಲ ಕಾರಣವೂ ಒಂದೇ: ಗೋಡೆಯ ಚಿತ್ರ ಪೂರ್ತಿ ಬರಲಿ ಎಂದು ನೀವು ಹಿಂದೆ ಹಿಂದೆ ಸರಿದು ನಿಂತಿರುತ್ತೀರಿ. ಆ ಚಿತ್ರವನ್ನು ಬರೆದ ಕಲಾವಿದ ಅದರ ಅಂಚು, ನಡು, ಬಣ್ಣದ ತೂಕ ಎಲ್ಲವನ್ನೂ ಆಗಲೇ ಯೋಚಿಸಿ ಮುಗಿಸಿದ್ದಾನೆ. ಅದರಲ್ಲಿ ಇನ್ನೊಬ್ಬರಿಗೆ ಜಾಗ ಉಳಿದಿಲ್ಲ. ಪೂರ್ತಿ ಚಿತ್ರದ ಮುಂದೆ ಯಾರು ಬಂದರೂ ಅಡ್ಡ ಬಂದಂತೆಯೇ ಕಾಣುತ್ತಾರೆ. ಹಾಗಾಗಿ ಮೊದಲ ಕೆಲಸ, ಚಿತ್ರವನ್ನು ಪೂರ್ತಿ ತೆಗೆದುಕೊಳ್ಳುವ ಆಸೆ ಬಿಡುವುದು. ಅದರಲ್ಲಿ ಒಂದು ತುಂಡನ್ನು ಆರಿಸಿ. ಯಾರಾದರೂ ಬಂದು ಸೇರಿದರೆ ಮಾತ್ರ ಅರ್ಥ ಬರುವಂಥ ತುಂಡಾಗಿರಲಿ.

ಯಕ್ಷಗಾನದ ವೇಷ ನಮ್ಮ ಜಿಲ್ಲೆಯ ಗೋಡೆಗಳಿಗೆ ಹೊಸದಲ್ಲ, ಅದನ್ನೇ ತೆಗೆದುಕೊಳ್ಳೋಣ. ದೊಡ್ಡ ಕಿರೀಟ, ಅರಳಿದ ಕಣ್ಣು, ಚಾಚಿದ ಕೈ. ಕಿರೀಟದ ತುದಿಯಿಂದ ಕಾಲಿನ ಗೆಜ್ಜೆಯವರೆಗೆ ತೆಗೆದರೆ ಅದು ವೇಷದ ಫೋಟೊ, ಅಷ್ಟೆ. ಈಗ ಕಣ್ಣನ್ನು ಗಮನಿಸಿ. ವೇಷದ ದೃಷ್ಟಿ ಎಡಕ್ಕಿದ್ದರೆ ಅದು ನೋಡುತ್ತಿರುವ ಜಾಗ ಖಾಲಿ ಗೋಡೆಯೇ ಆಗಿರುತ್ತದೆ. ಮುಖವನ್ನು ಫ್ರೇಮಿನ ಬಲ ಅಂಚಿಗೆ ತಳ್ಳಿ, ಕಿರೀಟ ಕತ್ತರಿಸಿಹೋದರೂ ಹೋಗಲಿ, ಎಡಭಾಗವನ್ನು ಬಿಟ್ಟುಕೊಡಿ. ಅಲ್ಲಿಗೆ ಬರುವವರಿಗಾಗಿ ಕಾಯಿರಿ. ಎಡದಿಂದ ಬಂದವರು ಆ ನೋಟಕ್ಕೆ ಎದುರಾಗಿ ನಡೆಯುತ್ತಾರೆ, ನೋಡಿದವರಿಗೆ ಒಂದು ಭೇಟಿಯಂತೆ ಕಾಣುತ್ತದೆ. ಬಲದಿಂದ ಬಂದು ಎಡಕ್ಕೆ ಸಾಗುವವರ ಬೆನ್ನನ್ನು ಆ ಕಣ್ಣು ಹಿಂಬಾಲಿಸುತ್ತದೆ. ಗೋಡೆ ಅದೇ, ಬೆಳಕು ಅದೇ, ಆದರೂ ಎರಡು ಬೇರೆ ಕತೆ. ನಿಮಗೆ ಯಾವುದು ಬೇಕು ಎಂದು ಮೊದಲೇ ಗೊತ್ತಿದ್ದರೆ ರಸ್ತೆಯ ಯಾವ ಕಡೆ ಕಣ್ಣಿಡಬೇಕೆಂಬುದೂ ಗೊತ್ತಾಗುತ್ತದೆ.

ಗೋಡೆಯ ಚಿತ್ರ ಫೋಟೊದಲ್ಲಿ ದೊಡ್ಡದಾಗಿಯೇ ಇರಬೇಕೆಂದೂ ಇಲ್ಲ. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸಾನ್ 1932ರಲ್ಲಿ ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ ತೆಗೆದ ಚಿತ್ರವನ್ನು ನೀವು ನೋಡಿರಬಹುದು. ನಿಂತ ನೀರಿನ ಮೇಲೆ ಒಬ್ಬಾತ ಜಿಗಿಯುತ್ತಿದ್ದಾನೆ, ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಹಿಂದಿನ ಬೇಲಿಯ ಮೇಲೆ ಪೋಸ್ಟರ್ ಇದೆ, ಅದರಲ್ಲೂ ಒಬ್ಬ ನರ್ತಕಿ ಅದೇ ಭಂಗಿಯಲ್ಲಿ, ಎದುರು ದಿಕ್ಕಿಗೆ ಹಾರುತ್ತಿದ್ದಾಳೆ. ಇಡೀ ಫೋಟೊದಲ್ಲಿ ಆ ಪೋಸ್ಟರ್ ಹೆಬ್ಬೆರಳ ಉಗುರಿನಷ್ಟೂ ಇಲ್ಲ. ಮೊದಲ ನೋಟಕ್ಕೆ ಅದು ಕಾಣುವುದೂ ಇಲ್ಲ. ಕಂಡಮೇಲೆ ಮಾತ್ರ ಅದಿಲ್ಲದೆ ಆ ಚಿತ್ರವನ್ನು ನೋಡಲಾಗುವುದಿಲ್ಲ. ಗೋಡೆಗೂ ಮನುಷ್ಯನಿಗೂ ಇರುವ ನಂಟನ್ನು ಕೂಗಿ ಹೇಳಬೇಕಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಇನ್ನು ಅಂಟಿಸಿದಂತೆ ಕಾಣುವ ವಿಷಯ. ಇದು ಅಳತೆಯ ಮಾತು. ನೀವು ಗೋಡೆಯಿಂದ 6 ಮೀಟರ್ ದೂರ ನಿಂತಿದ್ದೀರಿ ಎಂದುಕೊಳ್ಳಿ. ಗೋಡೆಗೆ ತಾಗಿಕೊಂಡು ನಡೆದವರು ಗೋಡೆಯ ಮೇಲಿನ ಆಳೆತ್ತರದ ಚಿತ್ರಕ್ಕೆ ಸರಿಸಮ ಕಾಣುತ್ತಾರೆ. ಅದೇ ಜನ ನಿಮ್ಮಿಂದ 3 ಮೀಟರಿನಲ್ಲಿ ನಡೆದರೆ ಅದರ ದುಪ್ಪಟ್ಟು ಎತ್ತರ ಕಾಣುತ್ತಾರೆ, ಗೋಡೆ ಬರೀ ಪರದೆಯಾಗಿ ಹಿಂದಕ್ಕೆ ಹೋಗುತ್ತದೆ. ಚಿತ್ರದೊಳಗಿನವರೂ ದಾರಿಹೋಕರೂ ಒಂದೇ ಲೋಕದವರು ಎನ್ನಿಸಬೇಕಾದರೆ ಗೋಡೆಯ ಪಕ್ಕದಲ್ಲೇ ನಡೆಯುವವರನ್ನು ಹಿಡಿಯಬೇಕು. ಪೇಟೆಯಲ್ಲಿ ನಡುವೆ ಗಟಾರವೋ ನಿಲ್ಲಿಸಿಟ್ಟ ಬೈಕುಗಳ ಸಾಲೋ ಇದ್ದು ಜನ ಗೋಡೆಯಿಂದ ದೂರವೇ ನಡೆಯುತ್ತಾರೆ. ಅಂಥ ಗೋಡೆಯನ್ನು ಬಿಟ್ಟುಬಿಡಿ. ಚಿತ್ರ ಎಷ್ಟೇ ಚೆಂದವಿದ್ದರೂ ಅದು ನಿಮ್ಮ ಕೆಲಸಕ್ಕೆ ಬರುವುದಲ್ಲ. ಜನ ನಿತ್ಯ ಮೈ ತಾಗಿಸಿಕೊಂಡು ಹೋಗುವ ಸಾಧಾರಣ ಚಿತ್ರವೇ ಮೇಲು.

ಜಾಗ ಸಿಕ್ಕಮೇಲೆ ಗೋಡೆಗೆ ನೇರ ಎದುರು ನಿಲ್ಲಿ. ಓರೆಯಾಗಿ ನಿಂತರೆ ಗೋಡೆಯ ಗೆರೆಗಳು ಒಂದು ಕಡೆಗೆ ಓಡತೊಡಗುತ್ತವೆ, ಚಿತ್ರ ಕುಗ್ಗುತ್ತದೆ. ಮೊಬೈಲಿನಲ್ಲಾದರೆ ತೀರಾ ಅಗಲದ ಲೆನ್ಸ್ ಬೇಡ, ಅಂಚಿಗೆ ಬಂದವರ ತಲೆ, ಭುಜ ಎಳೆದಂತಾಗುತ್ತದೆ. ಸಾಧ್ಯವಿದ್ದರೆ ಎರಡು ಪಟ್ಟು ಜೂಮ್ ಇಟ್ಟುಕೊಂಡು ಹೆಜ್ಜೆ ಹಿಂದೆ ಸರಿಯಿರಿ. ಪರದೆಯ ಮೇಲೆ ಗೋಡೆಯನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲಿಗೇ ಬೀಗ ಬೀಳುತ್ತದೆ. ಬಿಳಿ ಅಂಗಿಯವರು ಬಂದರೂ ಕಪ್ಪು ಕೊಡೆಯವರು ಬಂದರೂ ಗೋಡೆಯ ಬಣ್ಣ ಏರುಪೇರಾಗದು. ಕ್ಯಾಮೆರಾದವರು 35 ಮಿ.ಮೀ. ಲೆನ್ಸು, ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) ಆಟೋ ಇಟ್ಟುಕೊಂಡರೆ ಸಾಕು. ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಮಾತ್ರ ನೀವೇ ನಿಗದಿ ಮಾಡಿ. ನಡೆಯುವಾತ ಸೆಕೆಂಡಿಗೆ ಸುಮಾರು ಒಂದೂಕಾಲು ಮೀಟರ್ ಸಾಗುತ್ತಾನೆ. 1/60 ಸೆಕೆಂಡಿನಲ್ಲಿ ತೆಗೆದರೆ ಅಷ್ಟರಲ್ಲೇ ಎರಡು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಬೀಸುವ ಕಾಲು ಇನ್ನೂ ಹೆಚ್ಚು. 1/500ರಲ್ಲಿ ಅದು ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ.

ಕಾಲಿನ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ, ಹೆಚ್ಚಿನ ಫೋಟೊಗಳು ಕೆಡುವುದು ಅಲ್ಲಿಯೇ. ನಡೆಯುವಾಗ ಎರಡು ಕಾಲುಗಳೂ ಒಂದರ ಹಿಂದೊಂದು ಮರೆಯಾಗುವ ಒಂದು ಗಳಿಗೆ ಇದೆ. ಆಗ ಒತ್ತಿದರೆ ಮನುಷ್ಯ ಕಂಬದಂತೆ ಕಾಣುತ್ತಾನೆ. ಹೆಜ್ಜೆ ಪೂರ್ತಿ ಬಿಚ್ಚಿಕೊಂಡಾಗ ಕಾಲುಗಳ ನಡುವೆ ಗೋಡೆಯ ಬಣ್ಣ ತ್ರಿಕೋನವಾಗಿ ಇಣುಕುತ್ತದೆ. ಅದಕ್ಕೇ ಕಾಯಬೇಕು. ಸೀರೆ ಉಟ್ಟವರಲ್ಲಿ ಆ ತ್ರಿಕೋನ ಸಿಗದು, ಅಲ್ಲಿ ಕೈ ನೋಡಿ. ತಲೆಯ ಮೇಲಿನ ಮೀನಿನ ಬುಟ್ಟಿಗೆ ಎತ್ತಿದ ಕೈ ಮತ್ತು ಕಿವಿಯ ನಡುವೆ ಬೆಳಕಿನ ಒಂದು ಕಿಂಡಿ ತೆರೆಯುತ್ತದೆ, ಆ ಕಿಂಡಿಯಿಂದಲೇ ಇಡೀ ಆಕಾರ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಇದರ ಜೊತೆಗೆ ನಮ್ಮ ಕಡೆಯ ಪಾಗಾರಗಳ ಬುಡವನ್ನೂ ನೆನಪಿಡಬೇಕು. ಮಳೆಯಲ್ಲಿ ಕೆಮ್ಮಣ್ಣು ಸಿಡಿದು, ಪಾಚಿ ಹತ್ತಿ, ಕೆಳಗಿನ ಎರಡಡಿ ಕಪ್ಪಾಗಿರುತ್ತದೆ. ಗಾಢ ಬಣ್ಣದ ಪ್ಯಾಂಟು ತೊಟ್ಟವರ ಕಾಲು ಅದರಲ್ಲಿ ಕರಗಿ ಅವರು ಅರ್ಧಕ್ಕೇ ನಿಂತುಹೋಗುತ್ತಾರೆ. ಬಿಳಿ ಪಂಚೆ, ಶಾಲೆಮಕ್ಕಳ ಬಿಳಿ ಕಾಲುಚೀಲ ಅಲ್ಲಿ ಹೊಳೆಯುತ್ತವೆ.

ಹಿನ್ನೆಲೆಯಿಂದ ಬಿಡಿಸಿಕೊಳ್ಳುವ ಈ ಪಾಠವನ್ನು ಕಲಿಯಲು ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಒಮ್ಮೆ ಕ್ಯಾಮೆರಾ ಇಲ್ಲದೆಯೇ ನೋಡಿ ಬನ್ನಿ. ಸುಣ್ಣದ ಗಾರೆಯ ಮೇಲೆ ಕೆಂಪು ಹಚ್ಚಿ, ಬೇಕಾದಲ್ಲಿ ಕೆಂಪನ್ನು ಕೆರೆದು ಒಳಗಿನ ಬಿಳಿಯನ್ನು ಹೊರತರುವ ಕೊಂಕಣ ಕರಾವಳಿಯ ಕಲೆ ಅದು. ಇರುವುದು ಎರಡೇ ಬಣ್ಣ. ದೇವತೆ, ಬಳ್ಳಿ, ಅಂಚು ಎಲ್ಲವೂ ಆ ಎರಡರಲ್ಲೇ, ಗೆರೆಗಳೂ ಒತ್ತೊತ್ತು. ಅದರ ಪಕ್ಕ ಕೆಂಪು ಸೀರೆ ಹಾದುಹೋದರೆ ಗೋಡೆಯೊಳಕ್ಕೇ ಸೇರಿಬಿಡುತ್ತದೆ. ಹಸಿರು, ಹಳದಿ, ನೀಲಿ ಬಂದರೆ ಯಾರ ಸಹಾಯವೂ ಬೇಡದೆ ಎದ್ದು ನಿಲ್ಲುತ್ತದೆ. ಪೇಟೆಯ ಗೋಡೆಗಳಲ್ಲಿ ಹತ್ತಾರು ಬಣ್ಣ ಇರುವುದರಿಂದ ಇದು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಅಲ್ಲಿ ಬಣ್ಣ ಕಡಿಮೆ ಇರುವ ಪಟ್ಟಿಯನ್ನು ಹುಡುಕಿ, ಆಕಾಶವೋ ಸಮುದ್ರವೋ ಇರುವ ಭಾಗವನ್ನು, ಮತ್ತು ಹಾದುಹೋಗುವವರ ತಲೆ ಅಲ್ಲಿಗೇ ಬರುವಂತೆ ಕ್ಯಾಮೆರಾದ ಎತ್ತರವನ್ನು ಹೊಂದಿಸಿಕೊಳ್ಳಿ. ತಲೆಯೊಂದು ಬಿಡಿಯಾಗಿ ಕಂಡರೆ ಉಳಿದದ್ದನ್ನು ಕಣ್ಣು ತಾನೇ ಕೂಡಿಸಿಕೊಳ್ಳುತ್ತದೆ. ದೇವಸ್ಥಾನದಲ್ಲಿ ಫೋಟೊ ತೆಗೆಯಲೇಬೇಕೆಂದಿದ್ದರೆ ಅಲ್ಲಿಯವರನ್ನು ಮೊದಲು ಕೇಳಿ. ಕೈಮುಗಿದು ನಿಂತವರನ್ನಂತೂ ಬಿಟ್ಟುಬಿಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ದಿನಗಳೂ ಈ ಬಗೆಯ ಫೋಟೊಕ್ಕೆ ಹೇಳಿದ್ದಲ್ಲ. ಅಲ್ಲಿ ಒಬ್ಬರ ಹೆಜ್ಜೆ ಬಿಡಿಯಾಗಿ ಸಿಗುವುದೇ ಇಲ್ಲ.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಾರವಾರದಲ್ಲಿ ಸಮುದ್ರ ಪಶ್ಚಿಮಕ್ಕೆ, ಹಾಗಾಗಿ ಕಡಲಿಗೆ ಮುಖ ಮಾಡಿದ ಗೋಡೆಗೆ ಬೆಳಿಗ್ಗೆ ನೆರಳು, ಇಳಿಹೊತ್ತಿಗೆ ಬಿಸಿಲು. ಸಂಜೆಯ ತಗ್ಗು ಬಿಸಿಲಿನಲ್ಲಿ ದಾರಿಹೋಕರ ನೆರಳು ಗೋಡೆಯ ಮೇಲೆ ಎದ್ದು ಚಿತ್ರದಲ್ಲಿ ಇನ್ನೊಂದು ಪಾತ್ರವಾಗುತ್ತದೆ. ಆ ಹೊತ್ತಿಗೆ ನಿಮ್ಮದೇ ನೆರಳು ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ. ನನಗೆ ಎಲ್ಲಕ್ಕಿಂತ ಇಷ್ಟ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ಮೋಡದ ಬೆಳಕಿನಲ್ಲಿ ಕಟುನೆರಳು ಇಲ್ಲ, ನೆನೆದ ಬಣ್ಣ ಗಾಢವಾಗುತ್ತದೆ, ಡಾಂಬರು ರಸ್ತೆಯಲ್ಲಿ ಗೋಡೆಯ ಬಿಂಬ ಬೀಳುತ್ತದೆ, ಜನರ ಕೈಯಲ್ಲಿ ಕೊಡೆ ಇರುತ್ತದೆ. ಕೊಡೆಯ ಕೆಳಗಿನ ಮುಖ ಕಾಣದೆ ಹೋದರೂ ಅದರ ಕಮಾನು ಚಿತ್ರದೊಳಗಿನ ಯಾವುದೋ ಗುಂಡು ಆಕಾರದೊಂದಿಗೆ ಕೂಡಿಕೊಳ್ಳುತ್ತದೆ.

ಇಷ್ಟೆಲ್ಲ ಹೊಂದಿಸಿಕೊಂಡಮೇಲೂ ಒಂದು ಆಯ್ಕೆ ನಿಮ್ಮ ಕೈಯಲ್ಲೇ ಇರುತ್ತದೆ: ಸೇರಿಕೊಂಡದ್ದು ಆ ಮನುಷ್ಯನಿಗೆ ಗೌರವ ತರುತ್ತದೆಯೇ? ಚಿತ್ರದ ಕೋಣದ ಕೊಂಬು ಅಜ್ಜನ ತಲೆಯ ಮೇಲೆ ಮೂಡುವಂತೆ ತೆಗೆಯುವುದು ಸುಲಭ. ಬಣ್ಣದ ಕೈಯೊಂದು ಹೆಂಗಸಿನ ಮೈ ಮುಟ್ಟಿದಂತೆ ತೆಗೆಯುವುದೂ ಸುಲಭ. ಅಂಥವು ಒಮ್ಮೆ ನಗಿಸುತ್ತವೆ, ಆ ನಗುವಿನ ಬೆಲೆಯನ್ನು ತೆರುವುದು ಏನೂ ಅರಿಯದೆ ತಮ್ಮ ಪಾಡಿಗೆ ನಡೆದುಹೋದವರು. ಅಂಥ ಫೋಟೊ ಸಿಕ್ಕಿದರೂ ಅಳಿಸಿಬಿಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಅಂಕೋಲೆ, ಕುಮಟೆ ಕಡೆ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕಂಡ ಕೂಡಲೇ ಕ್ಯಾಮೆರಾ ಎತ್ತುವವರಿದ್ದಾರೆ. ಸೊಪ್ಪು, ತರಕಾರಿ ಮಾರಲು ಪೇಟೆಗೆ ಬಂದವರು ಅವರು, ನಮ್ಮ ಗೋಡೆಗೆ ಅಲಂಕಾರವಾಗಲು ಬಂದವರಲ್ಲ. ಹೆಜ್ಜೆಯ ಗಳಿಗೆ ಹಿಡಿಯಬೇಕಾದಲ್ಲಿ ಮೊದಲೇ ಕೇಳಲಾಗದು, ನಿಜ. ತೆಗೆದ ಮೇಲಾದರೂ ಹತ್ತಿರ ಹೋಗಿ, ‘ಅಕ್ಕಾ, ನೀವು ಹೋಗುವಾಗ ಒಂದು ಫೋಟೊ ತೆಗೆದೆ, ನೋಡ್ತೀರಾ?’ ಎಂದು ಕೇಳಬಹುದು. ಬೇಡ ಎಂದರೆ ಅವರ ಎದುರೇ ಅಳಿಸಿ. ಮಕ್ಕಳಾದರೆ ಜೊತೆಗಿರುವ ದೊಡ್ಡವರನ್ನು ಕೇಳದೆ ಎಲ್ಲೂ ಹಾಕಬೇಡಿ. ಕಾರವಾರದ ದಕ್ಷಿಣಕ್ಕೆ ಅರಗಾದ ಐಎನ್‌ಎಸ್ ಕದಂಬ ನೌಕಾನೆಲೆಯ ಕಡೆ ಗೋಡೆ ಎಷ್ಟೇ ಚೆಂದ ಕಂಡರೂ ಕ್ಯಾಮೆರಾ ಚೀಲದಲ್ಲೇ ಇರಲಿ.

ಗೋಡೆ ಬರೆದವರ ಹಕ್ಕಿನ ವಿಷಯವೂ ಇದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಕಟ್ಟಡಗಳ ಫೋಟೊಕ್ಕೂ ಸಾರ್ವಜನಿಕ ಜಾಗದಲ್ಲಿ ಕಾಯಂ ಇಟ್ಟ ಶಿಲ್ಪಗಳ ಫೋಟೊಕ್ಕೂ ವಿನಾಯಿತಿ ಕೊಡುತ್ತದೆ. ಬಣ್ಣದ ಚಿತ್ರಗಳು ಆ ವಿನಾಯಿತಿಯ ಸಾಲಿನಲ್ಲಿ ಬರುವುದಿಲ್ಲ. ಮನೆಯಲ್ಲಿಟ್ಟುಕೊಳ್ಳಲು, ಕಲಿಯಲು ತೆಗೆಯುವಾಗ ಯಾರೂ ತಡೆಯಲಾರರು. ಕ್ಯಾಲೆಂಡರಿಗೆ, ಜಾಹೀರಾತಿಗೆ, ಮಾರಾಟಕ್ಕೆ ಕೊಡುವುದಾದರೆ ಮಾತ್ರ ಹಕ್ಕುಸ್ವಾಮ್ಯ ಇರುವವರ, ಅಂದರೆ ಕಲಾವಿದರ ಅಥವಾ ಹಣ ಕೊಟ್ಟು ಬರೆಸಿದವರ ಒಪ್ಪಿಗೆ ಬೇಕೇ ಬೇಕು. ಕಲಾವಿದರನ್ನು ಹುಡುಕುವುದು ಕಷ್ಟವೇನಲ್ಲ, ಹೆಚ್ಚಾಗಿ ಗೋಡೆಯ ಕೆಳಮೂಲೆಯಲ್ಲಿ ಹೆಸರೋ ಫೋನ್ ನಂಬರೋ ಬರೆದಿರುತ್ತಾರೆ. ಆ ಮೂಲೆಯದ್ದೂ ಒಂದು ಫೋಟೊ ತೆಗೆದುಕೊಂಡೇ ಹೊರಡಿ, ನಿಮ್ಮ ಫೋಟೊದ ಕೆಳಗೆ ಅವರ ಹೆಸರನ್ನೂ ಹಾಕಿ.