ಕಾರ್ನೆಟ್ ಒಂದು ವರ್ಷಕ್ಕಿದ್ದರೆ ಕಾರು ಯುರೋಪಿನಲ್ಲಿ ಒಂದು ವರ್ಷ ಇರಬಹುದಾ?

ಪ್ರಶ್ನೆ: ನಮ್ಮ ಕೆಎ ನಂಬರಿನ ಕಾರಿನಲ್ಲಿ ಇರಾನ್, ಟರ್ಕಿ ದಾಟಿ ಯುರೋಪಿಗೆ ಹೋಗಬೇಕೆಂದಿದ್ದೇವೆ. ಗಾಡಿಯನ್ನು ಗಡಿ ದಾಟಿಸುವ ಕಸ್ಟಮ್ಸ್ ಪತ್ರ, ಅಂದರೆ ಕಾರ್ನೆಟ್, ಒಂದು ವರ್ಷಕ್ಕಿದೆ. ಕಾರನ್ನು ಅಲ್ಲಿ ಅಷ್ಟು ದಿನ ಇಟ್ಟುಕೊಳ್ಳಬಹುದಲ್ವಾ?

ಇಲ್ಲ. ಆರು ತಿಂಗಳು, ಅಷ್ಟೇ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಇವತ್ತು ಬೇರುಸಮೇತ ಕಿತ್ತುಬಿಡೋಣ.

ಕಾರ್ನೆಟ್ ಗಾಡಿಯ ವೀಸಾ ಅಲ್ಲ, ಜಾಮೀನು. ಕಾರನ್ನು ಅಲ್ಲೇ ಮಾರಿ ಬಂದರೆ ಸುಂಕಕ್ಕೆ ಯಾರು ಹೊಣೆ ಎನ್ನುವುದಕ್ಕೆ ಅದು ಉತ್ತರ. ಇರಾನ್ ಕೇಳುತ್ತದೆ, ಕೊಡಲೇಬೇಕು. ಐರೋಪ್ಯ ಒಕ್ಕೂಟಕ್ಕೆ ಅದು ಬೇಕಾಗಿಯೇ ಇಲ್ಲ. ಹೊರಗಿನ ನೋಂದಣಿಯ ಸ್ವಂತ ಗಾಡಿಯನ್ನು ಹೊರಗೆ ವಾಸಿಸುವವರು ತಂದರೆ, ಸುಮ್ನೆ ಗಡಿ ದಾಟುವುದೇ ಕಸ್ಟಮ್ಸ್‌ಗೆ ಹೇಳಿಕೆ ಕೊಟ್ಟಂತೆ. ಟರ್ಕಿಯ ಕಪಿಕುಲೆ ಬಿಟ್ಟು ಬಲ್ಗೇರಿಯಾದ ಕಪಿತಾನ್ ಆಂದ್ರೀವೊಗೆ ಚಕ್ರ ಇಟ್ಟಿರಿ ಅಂದರೆ ಆರು ತಿಂಗಳ ಲೆಕ್ಕ ಶುರು. ಕಾರ್ನೆಟ್ ಮೇಲೆ ಯಾವ ತಾರೀಖೇ ಇರಲಿ. (ಕುದುರೆ ಏರಿ ಬಂದರೂ ಇಷ್ಟೇ, ಸವಾರಿ ಪ್ರಾಣಿಗಳ ಹೆಸರೂ ಆ ನಿಯಮದಲ್ಲಿದೆ!)

'ಬಲ್ಗೇರಿಯಾದಲ್ಲಿ ಆರು, ಜರ್ಮನಿಯಲ್ಲಿ ಇನ್ನಾರು' ಅನ್ನುವವರೂ ಇದ್ದಾರೆ. ಕಸ್ಟಮ್ಸ್ ಕಣ್ಣಿಗೆ ಇಡೀ ಒಕ್ಕೂಟ ಒಂದೇ ಅಂಗಳ. ಒಳಗೆ ಎಷ್ಟು ದೇಶ ಸುತ್ತಿದರೂ ಲೆಕ್ಕ ಹೊಸದಾಗುವುದಿಲ್ಲ. ಬಂದ ದಿನಕ್ಕೆ ಪುರಾವೆ ನೀವೇ ಇಟ್ಟುಕೊಳ್ಳಿ. ಗಾಡಿಗೆ ಅಂತ ಗಡಿಯಲ್ಲಿ ಚೀಟಿ ಕೊಡದೇ ಇರಬಹುದು. ಅಲ್ಲಿ ಕೊಂಡ ಇನ್ಶೂರೆನ್ಸ್ ರಸೀದಿಯನ್ನಾದರೂ ಎಸೆಯಬೇಡಿ. ಹೌದು, ಇನ್ಶೂರೆನ್ಸ್ ಬೇರೆ ಕೊಳ್ಳಲೇಬೇಕು. ನಮ್ಮ ಪಾಲಿಸಿ ಅಲ್ಲಿ ನಡೆಯುವುದಿಲ್ಲ.

ಇನ್ನು ನಿಮ್ಮ ಲೆಕ್ಕ ಬೇರೆ. ಷೆಂಗನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಅಂದರೆ ನಿಮಗಿಂತ ನಿಮ್ಮ ಕಾರಿಗೇ ಜಾಸ್ತಿ ದಿನ ಸಿಗುತ್ತದೆ. ವಿದ್ಯಾರ್ಥಿಗಳಿಗೆ ಬೇರೆ ನಿಯಮ: ಓದಿಗಾಗಿ ಅಲ್ಲಿರುವಷ್ಟು ಕಾಲ ಗಾಡಿಯೂ ಇರಬಹುದು.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮವರಿಗೆ ಫ್ರಾಂಕ್‌ಫರ್ಟಿನಲ್ಲೋ ಮ್ಯೂನಿಕ್‌ನಲ್ಲೋ ಒಬ್ಬ ಬಾಮೈದ ಇದ್ದೇ ಇರುತ್ತಾನೆ. ಅವನು ಕೆಎ ಕಾರಿನಲ್ಲಿ ಒಂದು ರೌಂಡ್ ಹೋಗಿ ಬರುವ ಆಸೆ ಪಡುತ್ತಾನೆ. ಆದರೆ ಅವನು ಒಕ್ಕೂಟದ ನಿವಾಸಿ. ಗಾಡಿ ಯಾರ ಹೆಸರಿನಲ್ಲಿದೆಯೋ ಅವರೂ ಆಗ ಒಕ್ಕೂಟದೊಳಗೇ ಇದ್ದು, ಅವರೇ ಹೇಳಿದ್ದರೆ, ಅಪರೂಪಕ್ಕೆ ಓಡಿಸಬಹುದು. ಕೀ ಅವನ ಕೈಗಿಟ್ಟು ನೀವು ಬೆಂಗಳೂರಿನ ವಿಮಾನ ಹತ್ತಿದ ಮೇಲೆ ಅವನು ಅದರಲ್ಲಿ ಆಫೀಸಿಗೆ ಹೋದನೋ, ಆಮದು ಸುಂಕ ಕಟ್ಟಬೇಕಾಗಿ ಬರಬಹುದು. ಜರ್ಮನಿಯಲ್ಲಾದರೆ ಅದರ ಮೇಲೆ ಶೇ 19 ವ್ಯಾಟ್ ಕೂಡ.